ಬೋಟಿನ ಬ್ಯಾಟರಿ ಕನೆಕ್ಟರ್ ಕರಗುವುದೇಕೆ? ‘ಲೆಡ್ ಜಾಸ್ತಿ ಹಾಕಿದಷ್ಟೂ ಗಟ್ಟಿ’ ಅನ್ನೋದು ನಿಜವೇ?

‘ಬ್ಯಾಟರಿ ವೈರಿಗೆ ಲೆಡ್ ಚೆನ್ನಾಗಿ ಮೆತ್ತಿ, ಉಂಡೆ ದಪ್ಪ ಆದಷ್ಟೂ ಕರೆಂಟ್ ಚೆನ್ನಾಗಿ ಹರಿಯುತ್ತೆ.’ ರಿಮೋಟ್ ಬೋಟು, ಕಾರು, ಡ್ರೋನ್ ಮಾಡುವವರ ವಾಟ್ಸಾಪ್ ಗುಂಪುಗಳಲ್ಲಿ ಈ ಬಗೆಯ ಸಲಹೆ ಓಡಾಡುತ್ತಲೇ ಇರುತ್ತದೆ. ಜೊತೆಗೆ ಇನ್ನೆರಡು: ಮಲ್ಟಿಮೀಟರ್ ಬೀಪ್ ಅಂದರೆ ಜೋಡಣೆ ಸರಿಯಾಗಿದೆ, ಸೋಲ್ಡರಿಂಗ್ ಹೊಗೆ ಕುಡಿದರೆ ಮೈಗೆ ಸೀಸ ಸೇರುತ್ತದೆ. ಮೈಸೂರಿನಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿವೆ, ಸುತ್ತ ಕೆರೆಗಳಿವೆ, ಎನ್‌ಸಿಸಿ ನೌಕಾ ಘಟಕವೂ ಇದೆ. ನೌಕಾ ಕೆಡೆಟ್‌ಗಳ ತರಬೇತಿಯಲ್ಲಿ ಹಡಗಿನ ಮಾದರಿ ತಯಾರಿಸುವುದೂ ಸೇರಿದೆ. ಹಾಗಾಗಿ ಈ ಸಲಹೆಗಳನ್ನು ನಂಬಿ ಕೈ ಸುಟ್ಟುಕೊಳ್ಳುವವರು ನಮ್ಮೂರಲ್ಲೂ ಇರಬಹುದು. ಬನ್ನಿ, ಒಂದೊಂದಾಗಿ ನೋಡೋಣ.

ಬಿಸಿ ಎಲ್ಲಿಂದ ಬರುತ್ತದೆ?

ವೇಗದ ಬೋಟಿನ ಮೋಟಾರು 70 ಆಂಪಿಯರ್ ಕರೆಂಟ್ ಎಳೆಯುವುದು ದೊಡ್ಡ ಮಾತಲ್ಲ. ಜೋಡಣೆಯಲ್ಲಿ ಹುಟ್ಟುವ ಬಿಸಿಗೆ ಸೂತ್ರ ಸರಳ: ಕರೆಂಟನ್ನು ಕರೆಂಟಿನಿಂದಲೇ ಗುಣಿಸಿ, ಬಂದದ್ದನ್ನು ತಡೆಯಿಂದ, ಅಂದರೆ ರೆಸಿಸ್ಟೆನ್ಸ್‌ನಿಂದ ಗುಣಿಸಬೇಕು. ಒಳ್ಳೆಯ ಬೆಸುಗೆಯ ತಡೆ 0.2 ಮಿಲಿಓಮ್ ಎಂದುಕೊಳ್ಳೋಣ. 70 ಆಂಪಿಯರಿಗೆ ಸುಮಾರು 1 ವ್ಯಾಟ್ ಬಿಸಿ, ಏನೂ ಆಗದು. ಅದೇ ಕೆಟ್ಟ ಬೆಸುಗೆಯ ತಡೆ 5 ಮಿಲಿಓಮ್ ಆದರೆ? 24.5 ವ್ಯಾಟ್. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಸೋಲ್ಡರಿಂಗ್ ಐರನ್ 25 ವ್ಯಾಟಿನದು. ಅಂದರೆ ನಿಮ್ಮ ಕನೆಕ್ಟರ್ ತಾನೇ ಒಂದು ಸೋಲ್ಡರಿಂಗ್ ಐರನ್ ಆಗಿಬಿಟ್ಟಿದೆ! ತವರ-ಸೀಸದ ಬೆಸುಗೆ 183 ಡಿಗ್ರಿಗೇ ಕರಗಲು ಶುರುವಾಗುತ್ತದೆ.

ಈ ಲೆಕ್ಕ ನಮ್ಮ ನಾಡಿಗೆ ಹೊಸದಲ್ಲ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿ.ಮೀ. ದೂರ ವಿದ್ಯುತ್ ಸಾಗಿಸಿದಾಗ ವೋಲ್ಟೇಜನ್ನು ಹತ್ತಾರು ಸಾವಿರಕ್ಕೆ ಏರಿಸಿದ್ದು ಇದೇ ಕಾರಣಕ್ಕೆ. ವೋಲ್ಟೇಜ್ ಏರಿದರೆ ಅಷ್ಟೇ ಶಕ್ತಿಗೆ ಕರೆಂಟ್ ಕಡಿಮೆ ಸಾಕು, ದಾರಿಯಲ್ಲಿ ಬಿಸಿಯಾಗಿ ಪೋಲಾಗುವುದೂ ಕಡಿಮೆ. ಬೋಟಿಗೂ ಹಾಗೇ. 1000 ವ್ಯಾಟ್ ಬೇಕಾದರೆ ಮೂರು ಸೆಲ್ಲಿನ 11.1 ವೋಲ್ಟ್ ಲಿಪೋ ಬ್ಯಾಟರಿ 90 ಆಂಪಿಯರ್ ಕೊಡಬೇಕು, ಆರು ಸೆಲ್ಲಿನ 22.2 ವೋಲ್ಟಿನದು 45 ಕೊಟ್ಟರೆ ಸಾಕು. ಕರೆಂಟ್ ಅರ್ಧಕ್ಕೆ ಇಳಿದರೆ ಕನೆಕ್ಟರಿನ ಬಿಸಿ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಆದರೆ ಮೋಟಾರು ಮತ್ತು ಸ್ಪೀಡ್ ಕಂಟ್ರೋಲರ್ ಆ ವೋಲ್ಟೇಜಿಗೆ ಹೊಂದಬೇಕು, ಬ್ಯಾಟರಿ ಮಾತ್ರ ಬದಲಿಸಿದರೆ ಮೋಟಾರು ಸುಟ್ಟೀತು.

ಬೋಟಿನ ಕಷ್ಟವೇ ಬೇರೆ. ನೀರು ಗಾಳಿಗಿಂತ ಸುಮಾರು 800 ಪಟ್ಟು ದಟ್ಟ, ಪ್ರೊಪೆಲ್ಲರ್ ಅದನ್ನು ಬಿಡುವಿಲ್ಲದೆ ತಳ್ಳುತ್ತಲೇ ಇರಬೇಕು. ಕಾರಿನಂತೆ ಆಕ್ಸಿಲರೇಟರ್ ಬಿಟ್ಟು ಸಲೀಸಾಗಿ ಉರುಳುವ ಹಾಗಿಲ್ಲ. ನಮ್ಮ ಕೆರೆಗಳಲ್ಲಿ ಕಳೆ ಬೇರೆ. ಒಂದು ಎಳೆ ಪ್ರೊಪೆಲ್ಲರಿಗೆ ಸುತ್ತಿಕೊಂಡರೆ ಕರೆಂಟ್ ತಟ್ಟನೆ ಏರುತ್ತದೆ. ಮೋಟಾರಿಗೆ, ಸ್ಪೀಡ್ ಕಂಟ್ರೋಲರಿಗೆ ಕೆರೆಯ ನೀರನ್ನೇ ಹರಿಸಿ ತಂಪು ಮಾಡುವ ವ್ಯವಸ್ಥೆ ಇರುತ್ತದೆ. ಪಾಪ, ಕನೆಕ್ಟರಿಗೆ ಅದೂ ಇಲ್ಲ. ಟೇಪು ಹಾಕಿ ಮುಚ್ಚಿದ ದೋಣಿಯ ಹೊಟ್ಟೆಯೊಳಗೆ, ಗಾಳಿಯಿಲ್ಲದೆ ಕೂತಿರುತ್ತದೆ.

ಇನ್ನು ಕನೆಕ್ಟರಿನ ಹೆಸರಿನಲ್ಲಿರುವ ಅಂಕಿ. ಎಕ್ಸ್‌ಟಿ-60 ಎಂದರೆ 60 ಆಂಪಿಯರನ್ನು ಎಷ್ಟು ಹೊತ್ತು ಬೇಕಾದರೂ ತಾಳುತ್ತದೆ ಎಂದಲ್ಲ, ಸ್ವಲ್ಪ ಹೊತ್ತಿಗೆ ತಾಳುವ ಗರಿಷ್ಠ ಮಟ್ಟ ಅದು. ಎಡೆಬಿಡದೆ ಓಡುವ ಬೋಟಿಗೆ ಎಕ್ಸ್‌ಟಿ-90 ಅಥವಾ ಇನ್ನೂ ದಪ್ಪ ಬುಲೆಟ್ ಕನೆಕ್ಟರ್ ಒಳ್ಳೆಯದು ಎಂಬುದು ನಮ್ಮ ಅಭಿಪ್ರಾಯ. ಉಳಿಯುವ ದುಡ್ಡು ಅಷ್ಟರಲ್ಲೇ ಇದೆ, ಹೋಗುವುದು ಇಡೀ ಬೋಟು.

ಹಾಗಾದರೆ ಉಂಡೆ?

ಬೆಸುಗೆ ಲೋಹ ತಾಮ್ರಕ್ಕಿಂತ ಎಂಟೊಂಬತ್ತು ಪಟ್ಟು ಹೆಚ್ಚು ತಡೆ ಒಡ್ಡುತ್ತದೆ. ಹಾಗಂತ ದಪ್ಪ ಉಂಡೆಯೇ ಅಪರಾಧಿ ಅಲ್ಲ. ಅಪಾಯ ಇರುವುದು ಉಂಡೆ ಮುಚ್ಚಿಡುವ ಗುಟ್ಟಿನಲ್ಲಿ. ಹೊರಗೆ ದುಂಡಗೆ ಹೊಳೆಯುತ್ತಿರುತ್ತದೆ, ಒಳಗೆ ತಾಮ್ರದ ಎಳೆಗಳು ನೆಂದೇ ಇರುವುದಿಲ್ಲ. ನಾಲ್ಕೈದು ಎಳೆ ಮಾತ್ರ ಅಂಟಿದ್ದರೂ ಮಲ್ಟಿಮೀಟರ್ ಬೀಪ್ ಅನ್ನುತ್ತದೆ. ಯಾಕೆಂದರೆ ಬೀಪ್ ಬರಲು ತಡೆ ಕೆಲವು ಓಮ್‌ಗಳಷ್ಟಿದ್ದರೂ ಸಾಕು, ನಮ್ಮ ತಲೆನೋವು ಮಿಲಿಓಮ್‌ಗಳದ್ದು, ಅಂದರೆ ಓಮ್‌ನ ಸಾವಿರದ ಒಂದು ಭಾಗದ್ದು. ಬೀಪ್ ಹೇಳುವುದು ‘ದಾರಿ ಇದೆ’ ಎಂದಷ್ಟೇ. ಅದು ಹೆದ್ದಾರಿಯೋ ಕಾಲುದಾರಿಯೋ ಅದಕ್ಕೆ ಗೊತ್ತಾಗದು.

ಹಿಂದೆ ತಾಮ್ರ, ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕುವವರು ಪಾತ್ರೆಯನ್ನು ಮೊದಲು ಚೆನ್ನಾಗಿ ಕಾಯಿಸಿ, ನವಸಾಗರ ಉಜ್ಜಿ, ಆಮೇಲೆ ತವರ ಹಚ್ಚುತ್ತಿದ್ದರು. ಪಾತ್ರೆ ಕಾಯದೆ ತವರ ಹಿಡಿಯದು, ಮೇಲಿನ ಕಿಲುಬು ಹೋಗದಿದ್ದರೂ ಹಿಡಿಯದು. ಸೋಲ್ಡರಿಂಗ್ ಗುಟ್ಟೂ ಇಷ್ಟೇ. ಐರನ್ ತುದಿಯಲ್ಲಿ ಲೆಡ್ ಕರಗಿಸಿ ವೈರಿನ ಮೇಲೆ ಬಳಿಯುವುದಲ್ಲ. ವೈರು ಮತ್ತು ಕನೆಕ್ಟರಿನ ಬಟ್ಟಲನ್ನು ಕಾಯಿಸಿ, ಲೆಡ್ಡನ್ನು ಅವುಗಳಿಗೆ ಮುಟ್ಟಿಸಬೇಕು, ಅದು ತಾನಾಗಿ ಒಳಗೆ ಇಳಿಯಬೇಕು. ಆದರೆ ವೈರಿಗೆ ನವಸಾಗರವಾಗಲಿ ಆಸಿಡ್ ಫ್ಲಕ್ಸ್ ಆಗಲಿ ಬೇಡ. ಉಳಿದುಕೊಂಡರೆ ತಾಮ್ರವನ್ನು ತಿನ್ನುತ್ತದೆ, ಬೋಟಿನ ತೇವದಲ್ಲಂತೂ ಬೇಗ. ಮರದ ರಾಳದಿಂದ ಮಾಡಿದ ರೋಸಿನ್ ಫ್ಲಕ್ಸ್ ಸಾಕು.

ಇಲ್ಲಿ ಹಲವರು ಎಡವುವುದು ಐರನ್ ವಿಷಯದಲ್ಲಿ. ‘ಸಣ್ಣ ಐರನ್ ಆದರೆ ಪ್ಲಾಸ್ಟಿಕ್ ಕರಗಲ್ಲ’ ಎಂದುಕೊಳ್ಳುತ್ತಾರೆ. ಆಗುವುದು ತಿರುಗುಮುರುಗು. 10 ಅಥವಾ 12 ಗೇಜಿನ ದಪ್ಪ ತಾಮ್ರದ ವೈರು 25 ವ್ಯಾಟ್ ಐರನ್ನಿನ ಬಿಸಿಯನ್ನೆಲ್ಲ ಹೀರಿಕೊಂಡು ದೂರ ಸಾಗಿಸಿಬಿಡುತ್ತದೆ. ನೀವು ನಿಮಿಷಗಟ್ಟಲೆ ಹಿಡಿದೇ ಇರುತ್ತೀರಿ, ಅಷ್ಟರಲ್ಲಿ ಪ್ಲಾಸ್ಟಿಕ್ ಮೆತ್ತಗಾಗಿ ಪಿನ್ನು ಓರೆಯಾಗಿರುತ್ತದೆ, ಲೆಡ್ ಇನ್ನೂ ಸರಿಯಾಗಿ ಕರಗಿರುವುದಿಲ್ಲ. 60ರಿಂದ 100 ವ್ಯಾಟಿನ, ಅಗಲ ತುದಿಯ ಐರನ್ ಕೆಲವೇ ಸೆಕೆಂಡುಗಳಲ್ಲಿ ಕೆಲಸ ಮುಗಿಸುತ್ತದೆ. ವೈರಿನ ತುದಿಗೂ ಬಟ್ಟಲಿಗೂ ಬೇರೆಬೇರೆಯಾಗಿ ಮೊದಲೇ ಲೆಡ್ ಹಿಡಿಸಿಟ್ಟುಕೊಂಡು, ಆಮೇಲೆ ಕೂಡಿಸಿ. ಬೆಸೆಯುವಾಗ ಕನೆಕ್ಟರಿನ ಇನ್ನೊಂದು ಜೊತೆಯನ್ನು ಸಿಕ್ಕಿಸಿಟ್ಟರೆ ಪಿನ್ನು ನೆಟ್ಟಗಿರುತ್ತದೆ. ಐರನ್ ತೆಗೆದ ಮೇಲೆ ಲೆಡ್ ಗಟ್ಟಿಯಾಗುವ ತನಕ ಅಲುಗಿಸಬೇಡಿ, ಬೇಗ ಆರಲಿ ಎಂದು ಊದಲೂ ಬೇಡಿ. ಹೀಟ್ ಶ್ರಿಂಕ್ ಸ್ಲೀವನ್ನು ವೈರಿಗೆ ಮೊದಲೇ ತೂರಿಸಿಡುವುದನ್ನಂತೂ ಎಲ್ಲರೂ ಮರೆಯುತ್ತಾರೆ!

ಬ್ಯಾಟರಿ ಕಡೆಯ ಕೆಲಸಕ್ಕೆ ಒಂದೇ ಎಚ್ಚರಿಕೆ, ಆದರೆ ದೊಡ್ಡದು. ಲಿಪೋ ಬ್ಯಾಟರಿಗೆ ಸ್ವಿಚ್ ಇಲ್ಲ. ಎರಡೂ ವೈರನ್ನು ಒಂದೇ ಸಲ ಕಟರಿನಿಂದ ಕತ್ತರಿಸಿದರೆ ಕಟರೇ ಶಾರ್ಟ್ ಸರ್ಕ್ಯೂಟ್ ಮಾಡಿ ನೂರಾರು ಆಂಪಿಯರ್ ಹರಿಯಬಹುದು. ಒಂದು ವೈರು ಕತ್ತರಿಸಿ, ಬೆಸೆದು, ಸ್ಲೀವ್ ಹಾಕಿ ಮುಚ್ಚಿದ ಮೇಲೇ ಎರಡನೆಯದಕ್ಕೆ ಕೈ ಹಾಕಿ. ಲೋಹ ಒಳಗೆ ಅಡಗಿರುವ ಕನೆಕ್ಟರ್ ಬ್ಯಾಟರಿಯ ಕಡೆಗೇ ಬರಲಿ.

ಹೊಗೆಯಲ್ಲಿ ಸೀಸ ಇದೆಯೇ?

ಸೀಸ ಕುದಿಯುವುದು 1,700 ಡಿಗ್ರಿ ದಾಟಿದ ಮೇಲೆ. ಐರನ್ ಇರುವುದು 400ರ ಆಸುಪಾಸಿನಲ್ಲಿ. ಹಾಗಾಗಿ ಹೊಗೆಯಲ್ಲಿ ಸೀಸ ಇಲ್ಲವೆನ್ನುವಷ್ಟು ಕಡಿಮೆ. ಅಂದಮಾತ್ರಕ್ಕೆ ಹೊಗೆ ನಿರಪಾಯ ಅಲ್ಲ. ಅದು ಸುಟ್ಟ ಫ್ಲಕ್ಸ್, ದಿನವೂ ಉಸಿರಾಡುವ ಕೆಲಸಗಾರರಿಗೆ ಆಸ್ತಮಾ ತರುತ್ತದೆ ಎಂಬುದು ಗೊತ್ತಿರುವ ವಿಷಯ. ಕಿಟಕಿ ತೆರೆದು, ಹೊಗೆ ಮುಖದಿಂದ ಆಚೆ ಹೋಗುವಂತೆ ಫ್ಯಾನ್ ಇಡಿ. ಸೀಸ ಹೊಟ್ಟೆಗೆ ಹೋಗುವ ದಾರಿ ಕೈ. ಲೆಡ್ ಮುಟ್ಟಿದ ಕೈಯಲ್ಲೇ ಚುರುಮುರಿ ತಿನ್ನಬೇಡಿ, ಸೋಪು ಹಚ್ಚಿ ತೊಳೆಯಿರಿ. ಮಕ್ಕಳಿರುವ ಮನೆಯಲ್ಲಿ ಊಟದ ಮೇಜಿನ ಮೇಲೆ ಈ ಕೆಲಸ ಬೇಡವೇ ಬೇಡ.

‘ನಮ್ಮ ಮನೆಯಲ್ಲಿ ಬೋಟೇ ಇಲ್ಲ’ ಎನ್ನುವವರು ಇನ್ವರ್ಟರ್ ಬ್ಯಾಟರಿ ನೋಡಿ. 12 ವೋಲ್ಟಿನ ಇನ್ವರ್ಟರ್ ಮೇಲೆ 800 ವ್ಯಾಟ್ ಹೊರೆ ಇದ್ದರೆ ಬ್ಯಾಟರಿಯಿಂದ ಹರಿಯುವುದು 65 ಆಂಪಿಯರಿಗೂ ಹೆಚ್ಚು, ಬೋಟಿನಷ್ಟೇ. ಅಲ್ಲಿ ಬೆಸುಗೆ ಇಲ್ಲ, ನಟ್ಟು ಬೋಲ್ಟು. ಸಡಿಲವಾದರೆ, ಬಿಳಿ-ಹಸಿರು ಪುಡಿ ಕಟ್ಟಿದರೆ ಅದೇ ಕಥೆ.

ಬೋಟು ದಡಕ್ಕೆ ಬಂದೊಡನೆ ಬ್ಯಾಟರಿ ಬಿಚ್ಚಿ ಕನೆಕ್ಟರನ್ನು ಹುಷಾರಾಗಿ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಪರವಾಗಿಲ್ಲ. ಬೆರಳಿಡಲು ಆಗದಷ್ಟು ಸುಡುತ್ತಿದ್ದರೆ, ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿದ್ದರೆ, ಮತ್ತೊಂದಿಷ್ಟು ಲೆಡ್ ಹಾಕಿ ಪ್ರಯೋಜನವಿಲ್ಲ. ಬಿಸಿಗೆ ಒಳಗಿನ ಲೋಹದ ಹಿಡಿತವೂ ಸಡಿಲವಾಗಿರುತ್ತದೆ. ಎರಡೂ ಕಡೆಯದನ್ನು ಕತ್ತರಿಸಿ ಹೊಸದು ಹಾಕಿ.