ತಪಾಸಣೆಯ ನಮೂನೆಗಳೂ ಮಕ್ಕಳ ಕ್ಷೇಮವೂ

ತಪಾಸಣೆಯ ನಮೂನೆಗಳನ್ನು ತುಂಬುವುದು ಕೇವಲ ಗುಮಾಸ್ತರ ಕೆಲಸವೆಂದು ಜನರು ಸಾಮಾನ್ಯವಾಗಿ ಭಾವಿಸುತ್ತಾರೆ. ಪ್ರಶ್ನೆಯ ಮುಂದೆ ‘ಹೌದು’ ಎಂದೋ ‘ಇಲ್ಲ’ವೆಂದೋ ಗುರುತು ಮಾಡಿ, ಕೊನೆಯಲ್ಲಿ ಸಹಿ ಹಾಕಿ, ಕಡತಕ್ಕೆ ಸೇರಿಸಿದರೆ ಕರ್ತವ್ಯವು ತೀರಿತೆಂದು ತಿಳಿಯುವ ಅಧಿಕಾರಿಗಳೂ ಉಂಟು. ಆದರೆ ಆ ನಮೂನೆಯು ಮಕ್ಕಳ ಬೇಸಿಗೆ ಶಿಬಿರಕ್ಕೆ ಸಂಬಂಧಪಟ್ಟುದಾದಾಗ, ಅದರಲ್ಲಿ ಬರೆದ ಒಂದೊಂದು ‘ಹೌದೂ’ ಒಂದೊಂದು ಸಾಕ್ಷ್ಯವಾಗುತ್ತದೆ. ಶಿಬಿರದ ಸ್ಥಳವನ್ನು ಎಂದೂ ನೋಡದ ತಾಯಿತಂದೆಗಳು, ಬಲ್ಲವರೊಬ್ಬರು ನೋಡಿದ್ದಾರೆಂಬ ನಂಬಿಕೆಯಿಂದಲೇ ತಮ್ಮ ಮಗುವನ್ನು ವಾರಗಟ್ಟಲೆ ಪರರ ವಶಕ್ಕೆ ಒಪ್ಪಿಸುತ್ತಾರೆ. ಆ ನಂಬಿಕೆಗೆ ತಕ್ಕಂತೆ ನಮೂನೆಗಳು ತುಂಬಲ್ಪಡುತ್ತಿವೆಯೇ ಎಂಬ ವಿಷಯವನ್ನು ಇಂದು ವಾಚಕರ ವಿಚಾರಕ್ಕೆ ತರಬಯಸುತ್ತೇವೆ.

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಬೇಸಿಗೆ ಶಿಬಿರವೆಂಬುದು ನೂರು ವರ್ಷಗಳನ್ನು ಮೀರಿದ ಸಂಪ್ರದಾಯ. ಅಲ್ಲಿನ ಟೆಕ್ಸಸ್ ಸಂಸ್ಥಾನದಲ್ಲಿ ಗ್ವಾಡಲೂಪ್ ನದಿಯ ತೀರದಲ್ಲಿ 1926ರಲ್ಲಿ ಸ್ಥಾಪಿತವಾದ, ಬಾಲಕಿಯರಿಗೆ ಮೀಸಲಾದ ‘ಕ್ಯಾಂಪ್ ಮಿಸ್ಟಿಕ್’ ಎಂಬ ಶಿಬಿರವನ್ನು 2025ರ ಜುಲೈ 2ರಂದು ಸರಕಾರದ ಆರೋಗ್ಯ ಇಲಾಖೆಯ ಪರೀಕ್ಷಕರು ತಪಾಸಣೆ ಮಾಡಿದರು. ವಿಪತ್ತಿನ ಕಾಲದಲ್ಲಿ ಅನುಸರಿಸಬೇಕಾದ ಕ್ರಮಗಳ ಲಿಖಿತ ಯೋಜನೆಯಿದೆ, ಸ್ಥಳ ತೆರವುಮಾಡುವ ಬಗೆಯನ್ನು ಮಕ್ಕಳಿಗೆ ತಿಳಿಸುವ ಏರ್ಪಾಡಿದೆ, ಸಿಬ್ಬಂದಿಯವರಿಗೆ ಕೆಲಸಗಳನ್ನು ಹಂಚಿಕೊಡಲಾಗಿದೆ ಎಂದು ಅವರ ವರದಿಯಲ್ಲಿ ದಾಖಲಾಯಿತು. ಎರಡೇ ದಿನಗಳು ಕಳೆದವು. ಜುಲೈ 4ರ ಬೆಳಗಿನ ಜಾವ ಭಾರಿ ಮಳೆ ಸುರಿದು ನದಿಯು ಉಕ್ಕಿತು; ಸುಮಾರು 45 ನಿಮಿಷಗಳಲ್ಲಿ 26 ಅಡಿ ಏರಿತೆಂದು ಅಲ್ಲಿನ ಅಧಿಕಾರಿಗಳು ಹೇಳಿದರು. ಶಿಬಿರದ ಬಾಲಕಿಯರೂ ಅವರ ಯುವ ಮೇಲ್ವಿಚಾರಕಿಯರೂ ಸೇರಿ 27 ಮಂದಿ ಪ್ರಾಣ ಕಳೆದುಕೊಂಡರು.

ಇದರಿಂದ ಆ ಪರೀಕ್ಷಕರು ಸುಳ್ಳು ಬರೆದರೆಂದು ಯಾರೂ ಎಣಿಸಬಾರದು. ಹಾಗೆ ಹೇಳುವುದಕ್ಕೆ ನಮ್ಮಲ್ಲಿ ಆಧಾರವಿಲ್ಲ. ಆ ನಮೂನೆಯು ಕೇಳಿದ ಪ್ರಶ್ನೆ ಯಾವುದೆಂಬುದೇ ಇಲ್ಲಿ ವಿಚಾರಾರ್ಹವಾದ ಸಂಗತಿ. ಯೋಜನೆಯೊಂದು ಇದೆಯೇ ಎಂದು ಕೇಳಿತು. ಇದೆ ಎಂದು ಉತ್ತರ ಬಂದಿತು. ಆ ಯೋಜನೆಯಲ್ಲಿ ಏನು ಬರೆದಿದೆ ಎಂಬ ವಿವರವು ವರದಿಗಳಲ್ಲಿರಲಿಲ್ಲ. ಯೋಜನೆಯನ್ನು ರಚಿಸುವ ಹೊಣೆ ಶಿಬಿರದ್ದೇ ಆಗಿತ್ತು. ನಡುರಾತ್ರಿ ನದಿಯು ಏರಿದರೆ ಮಕ್ಕಳನ್ನು ಯಾವ ದಾರಿಯಿಂದ ಯಾವ ಎತ್ತರಕ್ಕೆ ಕರೆದೊಯ್ಯಬೇಕು, ಎಚ್ಚರಿಕೆಯ ಸಂದೇಶವನ್ನು ಯಾರು ಕೇಳಬೇಕು, ಹೊರಡುವ ಅಪ್ಪಣೆಯನ್ನು ಯಾರು ಕೊಡಬೇಕು ಎಂಬ ಪ್ರಶ್ನೆಗಳಿಗೆ, ‘ಯೋಜನೆ ಇದೆ’ ಎಂಬ ಒಂದು ಗುರುತಿನಿಂದ ಉತ್ತರ ದೊರೆಯಲಾರದು. ಕಾಗದವಿರುವುದು ಬೇರೆ, ಕಾಗದದಲ್ಲಿದ್ದುದು ನಡೆಯುವುದು ಬೇರೆ.

ಆ ಬಳಿಕ ಟೆಕ್ಸಸ್ಸಿನ ಶಾಸನಸಭೆಯು ಹೊಸ ಕಾನೂನುಗಳನ್ನು ಮಾಡಿತು. 2025ರ ಸೆಪ್ಟೆಂಬರ್ 5ರಂದು ರಾಜ್ಯಪಾಲರು ಅವಕ್ಕೆ ಸಹಿ ಹಾಕಿದರು. ಪ್ರವಾಹದ ಬಯಲಿನಲ್ಲಿ ಮಕ್ಕಳ ವಸತಿಗಳಿರಕೂಡದು, ತುರ್ತು ಯೋಜನೆಯನ್ನು ಸರಕಾರಕ್ಕೆ ಒಪ್ಪಿಸಿ ಸಮ್ಮತಿ ಪಡೆಯಬೇಕು ಎಂಬ ವಿಧಿಗಳು ಅವುಗಳಲ್ಲಿವೆ. ಊರು ಕೊಳ್ಳೆಹೋದ ಮೇಲೆ ಕೋಟೆಯ ಬಾಗಿಲು ಹಾಕಿದರೆಂಬ ಗಾದೆಯು ನೆನಪಿಗೆ ಬಂದರೂ, ಉಳಿದ ಊರುಗಳ ಬಾಗಿಲುಗಳಾದರೂ ಭದ್ರವಾಗಲಿ ಎಂದು ನಾವು ಹಾರೈಸುತ್ತೇವೆ.

ಸರಕಾರದ ಪರವಾನಗಿಯ ಹೊರತಾಗಿ ಆ ದೇಶದಲ್ಲಿ ಸ್ವಯಂಪ್ರೇರಿತವಾದ ಮಾನ್ಯತೆಯ ಪದ್ಧತಿಯೊಂದಿದೆ. 1910ರಲ್ಲಿ ಶಿಬಿರಗಳ ನಿರ್ದೇಶಕರ ಸಂಘವಾಗಿ ಹುಟ್ಟಿ, ಈಗ ಅಮೆರಿಕನ್ ಕ್ಯಾಂಪ್ ಅಸೋಸಿಯೇಷನ್ ಎಂದು ಕರೆಯಲ್ಪಡುವ ಸಂಸ್ಥೆಯು ಇದನ್ನು ನಡೆಸುತ್ತದೆ. ಅಡಿಗೆಮನೆ, ಆರೋಗ್ಯ, ವಾಹನ, ಸಿಬ್ಬಂದಿಯ ನೇಮಕ, ಈಜು, ಕುದುರೆ ಸವಾರಿ ಮೊದಲಾದ ವಿಷಯಗಳಲ್ಲಿ ಅದು ನೂರಾರು ನಿಯಮಗಳನ್ನು ವಿಧಿಸಿದೆ. ಅವುಗಳಲ್ಲಿ ಕೆಲವು ಕಡ್ಡಾಯವಾದವು. ಅವನ್ನು ಪಾಲಿಸದ ಶಿಬಿರಕ್ಕೆ ಮಾನ್ಯತೆಯಿಲ್ಲ. ತರಬೇತಿ ಹೊಂದಿದ ಸ್ವಯಂಸೇವಕರು, ಶಿಬಿರವು ನಡೆಯುತ್ತಿರುವಾಗಲೇ ಬಂದು ನೋಡುತ್ತಾರೆ. ಈ ಭೇಟಿಗಳ ನಡುವಣ ವರ್ಷಗಳಲ್ಲಿ, ನಿಯಮಗಳನ್ನು ಪಾಲಿಸುತ್ತಿದ್ದೇವೆಂದು ಶಿಬಿರದವರೇ ಪ್ರತಿವರ್ಷ ಸಹಿ ಮಾಡಿಕೊಡಬೇಕು. ಅಂದರೆ, ಪರೀಕ್ಷಕರು ಕಾಣದ ದಿನಗಳಿಗೆಲ್ಲ ಶಿಬಿರದವರ ಸತ್ಯನಿಷ್ಠೆಯೇ ಕಾವಲು.

ಒಂದೊಂದು ನಿಯಮಕ್ಕೂ ಅಲ್ಲಿ ಮೂರು ಬಗೆಯ ಉತ್ತರಗಳುಂಟು: ‘ಹೌದು’, ‘ಇಲ್ಲ’, ‘ಅನ್ವಯಿಸುವುದಿಲ್ಲ’. ಈ ಮೂರರಲ್ಲಿಯೂ ತಪ್ಪುವುದಕ್ಕೆ ಎಡೆಯಿದೆ. ‘ಇರಬೇಕು’ ಎಂಬುದನ್ನು ‘ಇದೆ’ ಎಂದು ಬರೆಯುವುದು ಮೊದಲನೆಯ ತಪ್ಪು. ಈಜುವ ಮಕ್ಕಳಿಗೆ ಅರ್ಹ ಜೀವರಕ್ಷಕರಿದ್ದಾರೆಯೇ ಎಂಬ ಪ್ರಶ್ನೆಗೆ, ನೇಮಕದ ಪಟ್ಟಿಯಲ್ಲಿ ಹೆಸರಿದೆಯೆಂದು ‘ಹೌದು’ ಎನ್ನುವುದು ಸಾಲದು. ಅವರ ಅರ್ಹತಾಪತ್ರದ ಅವಧಿ ಮುಗಿದಿಲ್ಲವೇ, ಮಕ್ಕಳು ನೀರಿನಲ್ಲಿರುವ ಹೊತ್ತಿನಲ್ಲಿ ಅವರು ದಡದಲ್ಲಿದ್ದಾರೆಯೇ, ಎಷ್ಟು ಮಕ್ಕಳಿಗೆ ಎಷ್ಟು ಮಂದಿ ಎಂಬುದನ್ನು ಸ್ಥಳದಲ್ಲಿ ನಿಂತು ಎಣಿಸಿ ಬರೆಯಬೇಕು.

ಹೋದ ವರ್ಷದ ಉತ್ತರಗಳನ್ನು ಈ ವರ್ಷಕ್ಕೆ ನಕಲು ಮಾಡುವುದು ಎರಡನೆಯ ತಪ್ಪು. ಒಂದು ಮಳೆಗಾಲದಲ್ಲಿ ಹೊಳೆಯ ದಂಡೆಯು ಕೊರೆದುಹೋಗುತ್ತದೆ; ಬೆಂಕಿ ನಂದಿಸುವ ಉಪಕರಣವು ಹಳತಾಗುತ್ತದೆ; ದಾರಿ ಬಲ್ಲ ಕಾವಲುಗಾರನು ಕೆಲಸ ಬಿಟ್ಟುಹೋಗುತ್ತಾನೆ. ನಕಲು ಮಾಡಿದ ನಮೂನೆಯು ಇಲ್ಲದ ಶಿಬಿರವೊಂದನ್ನು ವರ್ಣಿಸುತ್ತದೆ. ‘ಅನ್ವಯಿಸುವುದಿಲ್ಲ’ ಎಂಬ ಉತ್ತರದ ಮರೆಗೆ ಸರಿಯುವುದು ಮೂರನೆಯ ತಪ್ಪು. ನಮ್ಮಲ್ಲಿ ಈಜಿನ ಪಾಠವಿಲ್ಲವೆಂದು ನೀರಿನ ನಿಯಮಗಳನ್ನೆಲ್ಲ ಬದಿಗಿರಿಸಿದ ಶಿಬಿರದ ಹಿಂದೆಯೇ ಕೆರೆಯೊಂದಿದ್ದರೆ, ಮಕ್ಕಳು ಆ ಉತ್ತರವನ್ನು ಓದಿ ದೂರವಿರುವುದಿಲ್ಲ.

ಆದುದರಿಂದ ಪ್ರತಿಯೊಂದು ಉತ್ತರಕ್ಕೂ ಮೂರು ಕಡೆಯಿಂದ ಆಧಾರ ಬೇಕೆಂಬುದು ನಮ್ಮ ಅಭಿಪ್ರಾಯ: ದಾಖಲೆಯಿಂದ, ಕಣ್ಣಿನಿಂದ, ಸಿಬ್ಬಂದಿಯ ಬಾಯಿಯಿಂದ. ಔಷಧದ ಪೆಟ್ಟಿಗೆಗೆ ಬೀಗವಿರಬೇಕೆಂಬ ನಿಯಮವನ್ನು ಓದಬೇಕು. ಬೀಗವನ್ನು ಎಳೆದು ನೋಡಬೇಕು. ಕೀಲಿಕೈ ಯಾರಲ್ಲಿದೆ ಎಂದು ಎಲ್ಲರಿಗಿಂತ ಕಿರಿಯ ಮೇಲ್ವಿಚಾರಕನನ್ನು ಕೇಳಬೇಕು. ಆತನು ತಡವರಿಸಿದರೆ ಅದನ್ನೂ ಬರೆಯಬೇಕು. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎಂದು ನಮ್ಮ ಹಿರಿಯರು ಹೇಳಿದ ಮಾತು ಪರೀಕ್ಷಕರಿಗೆ ಚೆನ್ನಾಗಿ ಒಪ್ಪುತ್ತದೆ.

‘ಇಲ್ಲ’ವೆಂದು ಬರೆದರೆ ಮಾನ್ಯತೆಯೇ ಹೋದೀತೆಂಬ ಭಯವು ಶಿಬಿರದವರಲ್ಲಿರುವುದು ಸಹಜವೆಂದು ನಾವು ಬಲ್ಲೆವು. ಆ ಭಯವೇ ಎಷ್ಟೋ ‘ಹೌದು’ಗಳ ಮೂಲ. ಆದರೆ ‘ಇಲ್ಲ’ವೆಂದು ಒಪ್ಪಿಕೊಂಡ ನ್ಯೂನತೆಯನ್ನು ಒಂದು ದಿನದಲ್ಲಿ ಸರಿಪಡಿಸಬಹುದು, ‘ಹೌದು’ ಎಂದು ಮುಚ್ಚಿದ ನ್ಯೂನತೆಯು ಅಲ್ಲಿಯೇ ಉಳಿಯುತ್ತದೆ. ಮಾನ್ಯತೆ ಕೊಡುವವರೂ ಇದನ್ನರಿತು, ಪ್ರಾಣಕ್ಕೆ ಸಂಬಂಧಪಡದ ಕೊರತೆಗಳನ್ನು ತಿದ್ದಿಕೊಳ್ಳಲು ಕಾಲಾವಕಾಶ ಕೊಡಬೇಕು; ಪ್ರಾಣಕ್ಕೆ ಸಂಬಂಧಪಟ್ಟುದರಲ್ಲಿ ಮಾತ್ರ ಯಾವ ದಾಕ್ಷಿಣ್ಯವನ್ನೂ ತೋರಕೂಡದು.

ಸತ್ಯವನ್ನು ಬರೆದವರ ಮಾತಿಗೆ ಕಿವಿಗೊಡದಿದ್ದರೆ ಏನಾಗುವುದೆಂಬುದಕ್ಕೆ ಇಂಗ್ಲೆಂಡಿನ ಒಂದು ಉದಾಹರಣೆಯುಂಟು. 1993ರ ಮಾರ್ಚ್ 22ರಂದು ಪ್ಲಿಮತ್ ನಗರದ ಶಾಲೆಯೊಂದರ ವಿದ್ಯಾರ್ಥಿಗಳು ಲೈಮ್ ಕೊಲ್ಲಿಯಲ್ಲಿ ಚಿಕ್ಕ ದೋಣಿಗಳನ್ನು ಹುಟ್ಟುಹಾಕುತ್ತಾ ಹೊರಟರು. ಅಲೆಗಳು ಅವರನ್ನು ಸಮುದ್ರಕ್ಕೆ ಸೆಳೆದೊಯ್ದು ನಾಲ್ವರು ಮಡಿದರು. ಅವರನ್ನು ಕರೆದೊಯ್ದ ಸಾಹಸ ಕೇಂದ್ರದಲ್ಲಿ ಹಿಂದೆ ಕೆಲಸಮಾಡಿದ್ದ ಶಿಕ್ಷಕರಿಬ್ಬರು, ಅಲ್ಲಿನ ಸುರಕ್ಷತೆಯ ಕೊರತೆಗಳನ್ನು ಎತ್ತಿತೋರಿಸಿ ಮೊದಲೇ ಪತ್ರ ಬರೆದಿದ್ದರು. 1994ರಲ್ಲಿ ನ್ಯಾಯಾಲಯವು ಆ ಕಂಪನಿಯನ್ನೂ ಅದರ ವ್ಯವಸ್ಥಾಪಕ ನಿರ್ದೇಶಕನನ್ನೂ ನರಹತ್ಯೆಯ ಅಪರಾಧಿಗಳೆಂದು ತೀರ್ಮಾನಿಸಿತು. 1995ರಲ್ಲಿ ಅಂತಹ ಕೇಂದ್ರಗಳಿಗೆ ಪರವಾನಗಿಯನ್ನು ಕಡ್ಡಾಯಗೊಳಿಸುವ ಶಾಸನವು ಬಂದಿತು. ಆ ಪತ್ರಕ್ಕೆ ಸಕಾಲದಲ್ಲಿ ದೊರೆಯಬೇಕಾಗಿದ್ದ ಬೆಲೆಯು ನಾಲ್ಕು ಮಕ್ಕಳು ಹೋದ ಮೇಲೆ ದೊರೆಯಿತು.

ಇವು ದೂರದೇಶದ ಮಾತುಗಳೆಂದು ವಾಚಕರು ಉದಾಸೀನರಾಗಬಾರದು. ಆ ದೇಶಗಳಲ್ಲಿ ನೆಲೆಸಿರುವ ಕನ್ನಡಿಗರ ಮಕ್ಕಳೂ ಅಂತಹ ಶಿಬಿರಗಳಿಗೆ ಹೋಗುತ್ತಾರೆ. ನಮ್ಮ ನಾಡಿನಲ್ಲಿಯೂ ಏಪ್ರಿಲ್ ತಿಂಗಳು ಬಂದಿತೆಂದರೆ ಊರೂರಿನಲ್ಲಿ ಬೇಸಿಗೆ ಶಿಬಿರಗಳು ತೆರೆಯುತ್ತವೆ. ಮೈಸೂರಿನ ರಂಗಾಯಣದ ಚಿಣ್ಣರ ಮೇಳದಂತಹ ನಾಟಕದ ಶಿಬಿರಗಳಿವೆ. ಮಲೆನಾಡಿನ ಬೆಟ್ಟ ಹತ್ತಿಸುವ, ಹೊಳೆ ದಾಟಿಸುವ ಶಿಬಿರಗಳೂ ಇವೆ. ಮಕ್ಕಳು ನಾಲ್ಕು ಗೋಡೆಗಳಿಂದ ಹೊರಗೆ ಬಂದು ಗಾಳಿ ಬೆಳಕುಗಳಲ್ಲಿ ಬೆಳೆಯಬೇಕೆಂಬುದು ನಮ್ಮ ಆಸೆಯೂ ಹೌದು. ಭಯದಿಂದ ಮಕ್ಕಳನ್ನು ಮನೆಯಲ್ಲಿ ಕೂಡಿಹಾಕಿರೆಂದು ನಾವು ಹೇಳುತ್ತಿಲ್ಲ.

ಶಿಬಿರ ನಡೆಸುವ ಮಹನೀಯರಲ್ಲಿ ನಮ್ಮ ವಿಜ್ಞಾಪನೆಯು ಇಷ್ಟೇ. ಸರಕಾರವು ಕೇಳಲಿ, ಬಿಡಲಿ, ತಮ್ಮ ಶಿಬಿರಕ್ಕೆ ಒಪ್ಪುವ ಒಂದು ತಪಾಸಣೆಯ ನಮೂನೆಯನ್ನು ತಾವೇ ರಚಿಸಿಕೊಳ್ಳಲಿ. ಅದು ಕನ್ನಡದಲ್ಲಿರಲಿ, ಅಡಿಗೆಯವರೂ ರಾತ್ರಿಯ ಕಾವಲುಗಾರರೂ ಓದಿ, ಇದು ನಿಜ, ಇದು ನಿಜವಲ್ಲ ಎಂದು ಹೇಳುವಂತಿರಲಿ. ನೋಡಿದವರೇ ತುಂಬಲಿ, ನೋಡದವರು ಸಹಿ ಹಾಕದಿರಲಿ. ಮಗುವನ್ನು ಸೇರಿಸಲು ಬಂದ ತಾಯಿತಂದೆಗಳಿಗೆ ಹಣದ ರಸೀದಿಯೊಡನೆ ಅದನ್ನೂ ತೋರಿಸಲಿ. ತಾಯಿತಂದೆಗಳೂ ಸಂಕೋಚಪಡದೆ ಅದನ್ನು ಕೇಳಿ ಓದಲಿ. ಅದರಲ್ಲಿ ಒಂದೆರಡು ‘ಇಲ್ಲ’ಗಳೂ, ಅವುಗಳ ಮುಂದೆ ಸರಿಪಡಿಸಿದ ದಿನಾಂಕಗಳೂ ಕಂಡುಬಂದರೆ, ಆ ಶಿಬಿರವನ್ನು ಶಂಕಿಸದೆ ಹೆಚ್ಚಾಗಿ ನಂಬಲಿ. ಬರುವ ಬೇಸಿಗೆಗೆ ಮುಂಚೆ ಈ ಕಾರ್ಯವು ನಮ್ಮ ಊರುಗಳಲ್ಲಿ ಆರಂಭವಾಗುವುದೆಂದು ಆಶಿಸುತ್ತೇವೆ.