‘ಟ್ರೋಲ್’ ಎಂಬ ಶಬ್ದವೂ ಕ್ರಾಪಿ ಮೀನಿನ ಬೇಟೆಯೂ

ಈಚಿನ ಕನ್ನಡದಲ್ಲಿ ‘ಟ್ರೋಲ್ ಮಾಡು’ ಎಂಬ ಪ್ರಯೋಗವು ಬಹುವಾಗಿ ಕೇಳಿಬರುತ್ತಿದೆ. ಅಂತರಜಾಲದಲ್ಲಿ ಒಬ್ಬರನ್ನು ಕೆಣಕಿ ನಗೆಗೀಡುಮಾಡುವುದೆಂಬ ಅರ್ಥದಲ್ಲಿ ಅದು ನೆಲೆನಿಂತಿದೆ. ಸ್ಕ್ಯಾಂಡಿನೇವಿಯದ ಜನಪದ ಕಥೆಗಳಲ್ಲಿ ಬರುವ ‘ಟ್ರೋಲ್’ ಎಂಬ ರಾಕ್ಷಸನಿಂದಲೇ ಈ ಮಾತು ಹುಟ್ಟಿತೆಂದು ಅನೇಕರು ಭಾವಿಸುವರು. ರಾಕ್ಷಸನ ಛಾಯೆಯು ಈ ಪದಕ್ಕೆ ಅಂಟಿಕೊಂಡಿರುವುದು ದಿಟ. ಆದರೆ ೧೯೯೦ರ ದಶಕದಲ್ಲಿ ಅಂತರಜಾಲದ ಇಂಗ್ಲಿಷಿನಲ್ಲಿ ಇದು ಕ್ರಿಯಾಪದವಾಗಿ ಹಬ್ಬಿದಾಗ, ಹೊಸಬರ ಮುಂದೆ ಎರೆಯನ್ನು ಎಳೆದು, ಕಚ್ಚುವವರಾರೆಂದು ಕಾದು ನೋಡುವ ಮೀನುಬೇಟೆಯ ರೂಪಕವೇ ಅದರಲ್ಲಿ ಮುಂದಾಗಿದ್ದಿತು. ಬೇಟೆಯ ಸ್ವರೂಪವನ್ನರಿಯದೆ ರೂಪಕದ ಸ್ವಾರಸ್ಯವು ತಿಳಿಯದು. ಆದುದರಿಂದ, ಉತ್ತರ ಅಮೆರಿಕದ ಸಣ್ಣ ಕೆರೆಕೊಳಗಳಲ್ಲಿ ಕ್ರಾಪಿ ಎಂಬ ಮೀನನ್ನು ಹಿಡಿಯುವ ಬಗೆಯನ್ನು ಉದಾಹರಣೆಯಾಗಿಟ್ಟುಕೊಂಡು ಈ ಶಬ್ದವನ್ನು ವಿವರಿಸುವುದು ಪ್ರಕೃತ ಲೇಖನದ ಉದ್ದೇಶವು.

‘ಟ್ರೋಲ್’ ಎಂಬ ಕ್ರಿಯಾಪದಕ್ಕೆ ಮಧ್ಯಕಾಲದ ಇಂಗ್ಲಿಷಿನಲ್ಲಿ ಅಲೆ, ಉರುಳು ಎಂಬ ಅರ್ಥಗಳಿದ್ದವು. ಬೇಟೆಗಾಗಿ ಅತ್ತಿತ್ತ ಅಲೆಯುವುದೆಂಬ ಅರ್ಥದ ಹಳೆಯ ಫ್ರೆಂಚ್ ಧಾತುವಿನೊಡನೆ ಇದಕ್ಕೆ ಸಂಬಂಧವನ್ನು ಹೇಳುವರು. ರಾಬರ್ಟ್ ನಾಬ್ಸನು ೧೬೮೨ರಲ್ಲಿ ‘ದಿ ಕಂಪ್ಲೀಟ್ ಟ್ರೋಲರ್’ ಎಂಬ ಗ್ರಂಥವನ್ನು ಪ್ರಕಟಿಸಿದನು. ಅಲ್ಲಿ ಹೇಳಿರುವುದು ಪೈಕ್ ಮೀನಿನ ಬೇಟೆ. ಸತ್ತ ಮೀನನ್ನು ಎರೆಯಾಗಿ ಕಟ್ಟಿ, ಕೋಲಿನಿಂದ ನೀರಿನಲ್ಲಿ ಆಡಿಸಿ ಎಳೆಯುವುದೇ ಅದರ ಕ್ರಮ. ಅಮೆರಿಕದಲ್ಲಿಯಾದರೋ, ಚಲಿಸುತ್ತಿರುವ ದೋಣಿಯೊಡನೆ ಎರೆಯನ್ನು ಒಯ್ಯುವುದೇ ಈ ಪದದ ರೂಢಿಯ ಅರ್ಥವಾಯಿತು. ‘ಟ್ರಾಲ್’ ಎಂಬುದು ಬೇರೆಯೇ ಶಬ್ದ. ಅದು ತಳವನ್ನು ಬಳಿದುಕೊಂಡು ಹೋಗುವ ಬಲೆಗೆ ಸಂಬಂಧಿಸಿದುದು. ನಮ್ಮ ಕರಾವಳಿಯವರು ‘ಟ್ರಾಲ್ ಬೋಟ್’ ಎನ್ನುವಾಗ ಈ ಎರಡನೆಯ ಶಬ್ದವನ್ನೇ ಬಳಸುವರು.

ಇನ್ನು ಮೀನಿನ ವಿಚಾರ. ಕ್ರಾಪಿಯಲ್ಲಿ ಬಿಳಿಯದು, ಕರಿಯದು ಎಂದು ಎರಡು ಮುಖ್ಯ ಜಾತಿಗಳುಂಟು. ಬಿಳಿಯದರ ಬೆನ್ನಿನ ಈಜುರೆಕ್ಕೆಯಲ್ಲಿ ಸಾಮಾನ್ಯವಾಗಿ ೫ ಅಥವಾ ೬ ಮುಳ್ಳುಗಳು, ಕರಿಯದರಲ್ಲಿ ೭ ಅಥವಾ ೮. ಬಿಳಿಯದು ಕದಡಿದ ನೀರನ್ನು ತಾಳಬಲ್ಲುದು; ಕರಿಯದು ತಿಳಿನೀರನ್ನೂ ನೀರುಗಿಡಗಳನ್ನೂ ಬಯಸುವುದು. ಕೆನಡಾದ ಫ್ರೆಂಚಿನ ‘ಕ್ರಾಪೆ’ ಎಂಬುದರಿಂದ ಈ ಹೆಸರು ಬಂದಿತು. ಲೂಯಿಸಿಯಾನದವರು ಇದೇ ಮೀನನ್ನು ‘ಸಾಕಲೇ’ ಎನ್ನುವರು. ಫ್ರೆಂಚಿನಲ್ಲಿ ಅದಕ್ಕೆ ‘ಹಾಲಿನ ಚೀಲ’ ಎಂದರ್ಥವಾದರೂ, ಮೂಲದಲ್ಲಿ ಅದು ಚಾಕ್ಟಾ ಜನರ ಭಾಷೆಯ ಒಂದು ಮೀನಿನ ಹೆಸರೆಂದೂ, ಫ್ರೆಂಚರು ಅದನ್ನು ತಮ್ಮ ಕಿವಿಗೆ ಒಗ್ಗಿಸಿಕೊಂಡರೆಂದೂ ವಿದ್ವಾಂಸರ ಮತ.

ಕ್ರಾಪಿಯು ಗುಂಪಾಗಿ ಬಾಳುವುದು. ವಸಂತದಲ್ಲಿ ಮೊಟ್ಟೆಯಿಡಲು ದಡಕ್ಕೆ ಬರುವುದಾದರೂ, ಉಳಿದ ಕಾಲದಲ್ಲಿ ಹೆಚ್ಚಾಗಿ ತಳಕ್ಕೂ ಮೇಲ್ಮೈಗೂ ನಡುವೆ ತೂಗಿದಂತೆ ನಿಲ್ಲುವುದು. ಗುಂಪು ಎಲ್ಲಿರುವುದೋ ಮೊದಲೇ ತಿಳಿಯದು. ಒಂದೆಡೆ ಕುಳಿತು ಗಾಳ ಹಾಕಿದವನು ದಿನವಿಡೀ ಬರಿಗೈಯಲ್ಲಿರಬಹುದು. ಹೀಗಿರುವುದರಿಂದಲೇ ದೋಣಿಯನ್ನು ನಡೆಸುತ್ತ ಹುಡುಕುವ ಕ್ರಮವು ಇಲ್ಲಿ ಸಲ್ಲುವುದು. ಇದರಲ್ಲಿ ಎರಡು ಬಗೆಗಳುಂಟು. ಒಂದರಲ್ಲಿ ದೋಣಿಯ ಮುಂಭಾಗದಲ್ಲಿ ಹಲವು ಕೋಲುಗಳನ್ನು ಜೇಡನ ಕಾಲುಗಳಂತೆ ಹರಡಿ, ಎರೆಗಳನ್ನು ಹೆಚ್ಚುಕಡಿಮೆ ನೇರವಾಗಿ ಕೆಳಗಿಳಿಬಿಟ್ಟು ಬಹು ಮೆಲ್ಲಗೆ ಮುಂದುವರಿಯುವರು. ಇನ್ನೊಂದರಲ್ಲಿ ಸೀಸದ ತಲೆಯ ಸಣ್ಣ ಕೊಕ್ಕೆಗಳನ್ನು ಉದ್ದನೆಯ ದಾರದಲ್ಲಿ ದೋಣಿಯ ಹಿಂದೆ ಎಳೆಯುವರು. ಆಗ ವೇಗವು ಗಂಟೆಗೆ ಸುಮಾರು ಒಂದು ಮೈಲಿ. ಎಷ್ಟು ಕೋಲುಗಳನ್ನು ಬಳಸಬಹುದೆಂಬುದು ಆಯಾ ಸಂಸ್ಥಾನದ ಕಾನೂನಿಗೆ ಬಿಟ್ಟುದು.

ಇಲ್ಲಿ ವೇಗವೇ ಆಳವನ್ನು ನಿರ್ಣಯಿಸುವುದು. ದೋಣಿ ನಿಧಾನವಾದರೆ ಹಿಂದಿನ ಎರೆ ಇಳಿಯುವುದು, ಬಿರುಸಾದರೆ ಏರುವುದು. ಸಣ್ಣ ಕೊಳದಲ್ಲಿ ದಡವು ಬೇಗನೆ ಎದುರಾಗುವುದರಿಂದ ಮತ್ತೆ ಮತ್ತೆ ತಿರುಗಲೇಬೇಕು. ತಿರುವಿನಲ್ಲಿ ಒಳಬದಿಯ ದಾರವು ನಿಧಾನವಾಗಿ ಅದರ ಎರೆಯು ಇಳಿಯುವುದು. ಹೊರಬದಿಯದು ವೇಗವಾಗಿ ಸಾಗಿ ಮೇಲೇಳುವುದು. ಮೀನು ಯಾವ ಬದಿಯ ಎರೆಯನ್ನು ಕಚ್ಚಿತೆಂಬುದನ್ನು ಗಮನಿಸಿದರೆ, ಗುಂಪು ನಿಂತಿರುವ ಆಳವನ್ನೂ ಅದಕ್ಕೆ ಹಿಡಿಸಿದ ವೇಗವನ್ನೂ ಊಹಿಸಬಹುದು. ಕ್ರಾಪಿಯು ಸಾಮಾನ್ಯವಾಗಿ ತನಗಿಂತ ಮೇಲಿರುವ ಆಹಾರಕ್ಕೆ ಏರಿ ಬರುವುದಾದುದರಿಂದ, ಎರೆಯು ಗುಂಪಿಗಿಂತ ತುಸು ಮೇಲೆಯೇ ಸಾಗಬೇಕು. ಇದರ ಬಾಯಿಯ ಪೊರೆ ಕಾಗದದಷ್ಟು ತೆಳುವು. ಥಟ್ಟನೆ ಜಗ್ಗಿದರೆ ಹರಿದು ಮೀನು ತಪ್ಪಿಸಿಕೊಳ್ಳುವುದು.

ಹಿಡಿಯುವುದರಲ್ಲಿ ಇನ್ನೊಂದು ಪ್ರಯೋಜನವೂ ಉಂಟು. ಸಣ್ಣ ಕೊಳದಲ್ಲಿ ಕ್ರಾಪಿಯು ಮಿತಿಮೀರಿ ಹೆಚ್ಚಿದರೆ ಆಹಾರ ಸಾಲದೆ ಎಲ್ಲವೂ ಗಿಡ್ಡವಾಗಿಯೇ ಉಳಿಯುವುವು. ಆದುದರಿಂದ ಅಂಥ ಕೊಳಗಳಲ್ಲಿ ಇದನ್ನು ಬಿಡಬಾರದೆಂದು ತಜ್ಞರು ಸಾಮಾನ್ಯವಾಗಿ ಎಚ್ಚರಿಸುವರು. ಈಗಾಗಲೇ ಇರುವಲ್ಲಿ ಹಿಡಿದು ತೆಗೆಯುವುದು ಉಳಿದವುಗಳ ಬೆಳವಣಿಗೆಗೆ ನೆರವಾಗಬಹುದು.

ಮೇಲ್ಕಂಡ ವಿವರಗಳಿಂದ ಶಬ್ದದ ಮರ್ಮವು ಸ್ಪಷ್ಟವಾಗುವುದು. ಹೀಗೆ ಎರೆಯನ್ನು ಎಳೆಯುವವನು ಇಂಥದೇ ಒಂದು ಮೀನನ್ನು ಗುರಿಯಿಟ್ಟವನಲ್ಲ. ಹಾದಿಯಲ್ಲಿ ಕಚ್ಚಿದುದೇ ಅವನ ಬೇಟೆ. ಕನ್ನಡದಲ್ಲಿಯಾದರೋ ‘ಟ್ರೋಲ್’ ಎಂದರೆ ಗೊತ್ತಾದ ಒಬ್ಬ ವ್ಯಕ್ತಿಯ ಮೇಲೆ ಬೀಳುವುದೆಂದಾಗಿದೆ. ಎರೆಯ ಅರ್ಥವು ಅಳಿದು ರಾಕ್ಷಸನ ಅರ್ಥವು ಉಳಿದಿದೆ. ಅರ್ಥವ್ಯತ್ಯಾಸವು ಭಾಷೆಗೆ ಸಹಜವಾದುದು, ಅದನ್ನು ದೂಷಿಸಬೇಕಾಗಿಲ್ಲ. ಆದರೆ ಇಂಗ್ಲಿಷಿನಿಂದ ಭಾಷಾಂತರಿಸುವವರೂ ಪಾಠ ಹೇಳುವವರೂ ಎರಡರ ಅಂತರವನ್ನು ಅರಿತಿರಬೇಕು. ಮೀನುಬೇಟೆಯ ಅರ್ಥಕ್ಕೆ ‘ಎಳೆಗಾಳ’ವೆಂದೂ, ‘ಟ್ರಾಲ್’ ಎಂಬುದಕ್ಕೆ ‘ಎಳೆಬಲೆ’ಯೆಂದೂ ಹೇಳಿದರೆ ಗೊಂದಲವು ತಪ್ಪುವುದೆಂದು ನಮ್ಮ ಸೂಚನೆ. ಇದಕ್ಕಿಂತ ಸೊಗಸಾದ ಮಾತು ಮೀನುಗಾರರ ಬಾಯಲ್ಲಿಯೇ ಇದ್ದರೆ ಅದನ್ನೇ ಸ್ವೀಕರಿಸುವುದು ಯುಕ್ತವು.