ನಿದ್ದೆ ಕದಿಯುವ ಸಂಜೆ ಕಾಫಿ

'ನಾವು ಅಪ್ಪಟ ಸಸ್ಯಾಹಾರಿಗಳು, ಎಣ್ಣೆ-ಖಾರನೂ ಕಮ್ಮಿ. ಆದ್ರೂ ರಾತ್ರಿ ನಿದ್ದೆನೇ ಬರೋಲ್ಲ ಕಣ್ರೀ...' ಜಯನಗರ, ಬನಶಂಕರಿ ಕಡೆಯ ಪಾರ್ಕುಗಳಲ್ಲಿ ವಾಕಿಂಗ್ ಮಾಡುವ ಗೃಹಿಣಿಯರ ಬಾಯಲ್ಲಿ ಈ ಮಾತನ್ನು ನೀವೂ ಕೇಳಿರುತ್ತೀರಿ. ಸೊಪ್ಪು, ಬೇಳೆ, ತರಕಾರಿ ಊಟ ಒಳ್ಳೆಯದೇ. ಆದರೆ ಅದೊಂದೇ ನಿದ್ದೆಗೆ ಗ್ಯಾರಂಟಿ ಅಲ್ಲ. ಆ ಊಟದ ಆಚೀಚೆ ಎಷ್ಟು ಕಾಫಿ ಕುಡಿಯುತ್ತೀರಿ ಎಂಬುದನ್ನೂ ಸ್ವಲ್ಪ ಗಮನಿಸಿ.

ಎದ್ದ ತಕ್ಷಣ ಒಂದು ಲೋಟ, ತಿಂಡಿ ಆದ ಮೇಲೆ ಒಂದು, ಮಕ್ಕಳು ಸ್ಕೂಲಿಂದ ಬಂದಾಗ ಒಂದು. ಯಜಮಾನರು ಆಫೀಸಿನಿಂದ ಬಂದರೆ ಅವರ ಜೊತೆ ಬೈಟು! ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿಯ ಪ್ರಕಾರ, ಪುಡಿಯಿಂದ ಇಳಿಸಿದ 150 ಮಿ.ಲೀ. ಕಾಫಿಯಲ್ಲಿ 80ರಿಂದ 120 ಮಿ.ಗ್ರಾಂ ಕೆಫೀನ್ ಇರುತ್ತದೆ. ಚಹಾದಲ್ಲಿ 30ರಿಂದ 65. ದಿನಕ್ಕೆ 300 ಮಿ.ಗ್ರಾಂ ದಾಟಬಾರದು.

ದಿನವಿಡೀ ದುಡಿದಂತೆ ಮಿದುಳಿನಲ್ಲಿ ಅಡೆನೋಸಿನ್ ಎಂಬ ರಾಸಾಯನಿಕ ಸೇರುತ್ತಾ ಹೋಗಿ ಕಣ್ಣು ಎಳೆಯುತ್ತದೆ. ಅದು ಕೂರಬೇಕಾದ ಜಾಗದಲ್ಲಿ ಕೆಫೀನ್ ಕೂತುಬಿಡುತ್ತದೆ. ಸುಮಾರು 5 ಗಂಟೆ ಕಳೆದರೂ ಅದರ ಅರ್ಧ ಭಾಗ ಮೈಯಲ್ಲೇ ಇರುತ್ತದೆ. ಸಂಜೆ 5ಕ್ಕೆ ಕುಡಿದರೆ ರಾತ್ರಿ 10ಕ್ಕೆ ಇನ್ನೂ ಅರ್ಧ ಬಾಕಿ! ಗರ್ಭಿಣಿಯರಲ್ಲಿ, ಗರ್ಭನಿರೋಧಕ ಮಾತ್ರೆ ನುಂಗುವವರಲ್ಲಿ ಇನ್ನೂ ಹೆಚ್ಚು ಹೊತ್ತು ಉಳಿಯುತ್ತದೆ.

<b>ಕಬ್ಬಿಣಕ್ಕೂ ಕುತ್ತು</b>

ಸಸ್ಯಾಹಾರಿಗಳಿಗೆ ಇನ್ನೊಂದು ತೊಂದರೆಯೂ ಇದೆ. ಸೊಪ್ಪು, ಕಾಳುಗಳಲ್ಲಿನ ಕಬ್ಬಿಣಾಂಶವನ್ನು ದೇಹ ಹೀರಿಕೊಳ್ಳುವುದೇ ಕಡಿಮೆ. ಊಟ ಮುಗಿಸಿದ ಕೂಡಲೇ ಕಾಫಿ, ಟೀ ಕುಡಿದರೆ ಅದು ಇನ್ನಷ್ಟು ಕಡಿಮೆಯಾಗುತ್ತದೆ. ಮಲಗಿದಾಗ ಕಾಲೊಳಗೆ ಹುಳ ಹರಿದಂತಾಗಿ, ಕಾಲು ಆಡಿಸದೆ ಇರಲಾಗದ ತೊಂದರೆ ಕೆಲವರಿಗಿದೆ. ಕಬ್ಬಿಣದ ಕೊರತೆ ಅದಕ್ಕೆ ಒಂದು ಮುಖ್ಯ ಕಾರಣ. ಹಿಮೋಗ್ಲೋಬಿನ್ ಸರಿಯಿದ್ದರೂ ಕಬ್ಬಿಣದ ದಾಸ್ತಾನು ಕಡಿಮೆಯಿರಬಹುದು. ಹಾಗಾಗಿ ಫೆರಿಟಿನ್ ಪರೀಕ್ಷೆ ಬೇಕೇ ಎಂದು ಡಾಕ್ಟರನ್ನು ಕೇಳಿ.

<b>ಹೀಗೆ ಮಾಡಿ ನೋಡಿ</b>

* ದಿನದ ಕೊನೆಯ ಕಾಫಿ ಮಧ್ಯಾಹ್ನ 2 ಗಂಟೆಯೊಳಗೆ ಮುಗಿಯಲಿ.

* ಊಟಕ್ಕೂ ಕಾಫಿಗೂ ಒಂದು ಗಂಟೆಯಾದರೂ ಅಂತರವಿರಲಿ.

* ಒಮ್ಮೆಲೇ ಬಿಟ್ಟರೆ ತಲೆನೋವು ಖಂಡಿತ ಕಾಡುತ್ತದೆ ಎನ್ನುವವರು ಡಿಕಾಕ್ಷನ್ ಕಮ್ಮಿ ಮಾಡಿ, ಹಾಲು ಜಾಸ್ತಿ ಮಾಡಿ. ವಾರಕ್ಕೊಂದು ಲೋಟದಂತೆ ಇಳಿಸುತ್ತಾ ಬನ್ನಿ.

* ಸಂಜೆಗೆ ಧನಿಯಾ-ಜೀರಿಗೆ ಕಷಾಯ ಅಥವಾ ರಾಗಿ ಮಾಲ್ಟ್ ಮಾಡಿಕೊಳ್ಳಿ. ಕಷಾಯದ ಪುಡಿ ಕಾಂಡಿಮೆಂಟ್ಸ್ ಅಂಗಡಿಗಳಲ್ಲಿ ಸಿಗುತ್ತದೆ. ಗ್ರೀನ್ ಟೀ, ಕೋಲಾ, ಚಾಕೊಲೇಟಿನಲ್ಲೂ ಕೆಫೀನ್ ಇದೆ, ಮರೆಯಬೇಡಿ.

* ಕೋಸಂಬರಿ, ಮೊಳಕೆಕಾಳಿನ ಪಲ್ಯ, ಸೊಪ್ಪಿನ ಸಾರಿಗೆ ನಿಂಬೆಹಣ್ಣು ಹಿಂಡಿ. 'ಸಿ' ವಿಟಮಿನ್ ಇದ್ದರೆ ಕಬ್ಬಿಣ ಚೆನ್ನಾಗಿ ಮೈಗೆ ಹತ್ತುತ್ತದೆ.

* ಹಾಲು, ಮೊಸರು ತಪ್ಪಿಸಬೇಡಿ. ಸಸ್ಯಾಹಾರಿಗಳಿಗೆ ಬಿ12 ಸಿಗುವುದು ಮುಖ್ಯವಾಗಿ ಅದರಿಂದಲೇ. ಅಂಗಾಲು ಜುಮುಗುಟ್ಟುತ್ತಿದ್ದರೆ ಅದನ್ನೂ ಪರೀಕ್ಷಿಸಿಕೊಳ್ಳಿ.

ಎರಡು-ಮೂರು ವಾರ ಹೀಗೆ ಮಾಡಿದರೂ ನಿದ್ದೆ ಸುಧಾರಿಸದಿದ್ದರೆ, ಜೋರು ಗೊರಕೆಯಿದ್ದರೆ ಅಥವಾ ಮನಸ್ಸಿಗೆ ಸದಾ ಬೇಸರವಿದ್ದರೆ ವೈದ್ಯರನ್ನು ಕಾಣಲು ಸಂಕೋಚ ಬೇಡ. ನಿದ್ದೆ ಮಾತ್ರೆಯನ್ನು ಮಾತ್ರ ನೀವೇ ಮೆಡಿಕಲ್ ಶಾಪಿನಲ್ಲಿ ಕೇಳಿ ತರಬೇಡಿ. ಮನೆಯವರೆಲ್ಲ ಮಲಗಿದ ಮೇಲೆ ಮಲಗಿ, ಅವರಿಗಿಂತ ಮೊದಲು ಏಳುವವರು ನೀವು. ಸಿಗುವ ಆ ಆರೇಳು ಗಂಟೆಯನ್ನಾದರೂ ಸಂಜೆಯ ಲೋಟಕ್ಕೆ ಬಿಟ್ಟುಕೊಡಬೇಡಿ.